ಬೆಚ್ಚದವರು

ತಲೆಗೆ ಬಂದದ್ದು ಮುಂಡಾಸಿಗೆ ಹೋಯಿತು ಎಂದು ನಮ್ಮವರು ಹೇಳುತ್ತಾರೆ. ಹೇಳಿ, ಮುಂಡಾಸು ಕೊಡವಿಕೊಂಡು, ಮರುದಿನವೂ ಅದೇ ದಾರಿಯಲ್ಲಿ ಹೋಗುತ್ತಾರೆ. ಮುಂಡಾಸಿಗೆ ತಗುಲಿದ ಕಲ್ಲು ಎಲ್ಲಿಂದ ಬಿತ್ತು, ನಾಳೆ ಯಾರ ಮೇಲೆ ಬೀಳಲಿದೆ ಎಂದು ಕತ್ತೆತ್ತಿ ನೋಡುವವರು ಕಡಿಮೆ. ನೀಲಾಂಬಿಕಾಳದು ಹಾಗೆ ಕತ್ತೆತ್ತಿ ನೋಡುವ ಕೆಲಸ.

ಬೆಳಗಾವಿಯಿಂದ ಖಾನಾಪುರದ ಕಡೆ ಹೋಗುವ ರಸ್ತೆಯಲ್ಲಿ ಒಂದು ಎರಕದ ಕಾರ್ಖಾನೆ ಇತ್ತು. ಕಾಗದದಲ್ಲಿ ಅದಕ್ಕೆ ಉದ್ದನೆಯ ಹೆಸರು. ಸುತ್ತಲಿನ ಜನಕ್ಕೆ ಅದು ದೊಡ್ಡ ಭಟ್ಟಿ. ಹಳೆಯ ಕಬ್ಬಿಣದ ಗುಜರಿ ಕರಗಿಸಿ ಟ್ರ್ಯಾಕ್ಟರಿನ ಬಿಡಿಭಾಗ ಎರೆಯುತ್ತಿದ್ದರು. ನೀಲಾಂಬಿಕಾ ಅಲ್ಲಿ ಸುರಕ್ಷತಾ ಅಧಿಕಾರಿ. ಅವಳ ಗಂಡ ಗುರುಸಿದ್ದ ಅಲ್ಲಿಯೇ ಭಟ್ಟಿಯ ಹಿರಿಯ ಮಿಸ್ತ್ರಿ, ಕುದಿಯುವ ಕಬ್ಬಿಣದಿಂದ ನಾಲ್ಕು ಹೆಜ್ಜೆ ದೂರದಲ್ಲಿ ದಿನಕ್ಕೆ ಎಂಟು ತಾಸು ನಿಲ್ಲುವವನು. ಹೆಂಡತಿ ಅಪಾಯ ಎಣಿಸುವವಳು, ಗಂಡ ಅಪಾಯದಲ್ಲಿ ನಿಲ್ಲುವವನು, ಒಳ್ಳೆ ಜೋಡಿ ಎಂದು ಕ್ಯಾಂಟೀನಿನಲ್ಲಿ ನಗೆಯಾಡುತ್ತಿದ್ದರು.

ಅಪಘಾತ ಆದಮೇಲೆ ಬರೆಯುವ ವರದಿ ಎಲ್ಲ ಕಾರ್ಖಾನೆಗಳಲ್ಲೂ ಇರುತ್ತದೆ. ನೀಲಾಂಬಿಕಾ ಕೇಳಿದ್ದು ಆಗದೆ ತಪ್ಪಿದ್ದರ ವರದಿ. ಕ್ರೇನಿನ ಕೊಕ್ಕೆ ಜಾರಿ ಯಾರಿಗೂ ತಾಗದೆ ಬಿತ್ತೇ, ಬರೆಯಿರಿ. ಮೆಟ್ಟಿಲಲ್ಲಿ ಕಾಲು ಜಾರಿ ಸಾವರಿಸಿಕೊಂಡಿರಾ, ಬರೆಯಿರಿ. ಇವತ್ತು ತಪ್ಪಿದ್ದು ನಾಳೆ ತಪ್ಪುವುದಿಲ್ಲ. ಇದಕ್ಕೆಂದು ಅವಳು ಬಾಗಿಲ ಬಳಿ ಕೆಂಪು ಪೆಟ್ಟಿಗೆ ಇಡಿಸಿದಳು. ಎರಡು ವರ್ಷದಲ್ಲಿ ಬಿದ್ದದ್ದು ಹನ್ನೊಂದು ಚೀಟಿ. ಒಂದರಲ್ಲಿ ಕ್ಯಾಂಟೀನಿನ ಸಾರು ನೀರಾಗಿದೆ ಎಂದಿತ್ತು. ಇನ್ನೊಂದರಲ್ಲಿ ಯಾರೋ ಹನುಮಂತನ ಚಿತ್ರ ಬರೆದಿದ್ದರು, ಅದು ನಿಜಕ್ಕೂ ಚೆನ್ನಾಗಿತ್ತು.

"ಬರದ್ರ ಏನಾಗತೈತಿ ಬಾಯಾರ?" ಎಂದು ಮೀರಾಸಾಬ ಕೇಳಿದ್ದ. ಭಟ್ಟಿಯ ಅಂಗಳದಲ್ಲಿ ಮೂವತ್ತು ವರ್ಷ ಕಳೆದ ಹಿರಿಯ. ಗುರುಸಿದ್ದನಿಗೆ ಕೆಲಸ ಕಲಿಸಿದವನೂ ಅವನೇ. "ಹೆಂಗಾತು ಅಂತ ಯಾರೂ ಕೇಳೂದಿಲ್ಲ. ಯಾರು ಮಾಡಿದ್ರು ಅಂತ ಕೇಳ್ತಾರ. ಅದಕ್ಕ ನಮ್ಮ ಮಂದಿ ಬರಿಯೂದಿಲ್ಲ."

ಆಗ ಬಂದದ್ದು ಡಾಕ್ಟರ್ ವೈಶಂಪಾಯನರ ಯಂತ್ರ.

ವೈಶಂಪಾಯನರು ನರವಿಜ್ಞಾನಿ. ಅವರು ಹಿಡಿದ ಎಳೆ ಬಹಳ ಸರಳವಾದದ್ದು. ಅಪಾಯ ಬಂದಾಗ ಮನುಷ್ಯನ ಬುದ್ಧಿಗಿಂತ ಮೊದಲು ಮೈಗೆ ಗೊತ್ತಾಗುತ್ತದೆ. ಸದ್ದು ಕಿವಿಗೆ ಬಿದ್ದು ಸೆಕೆಂಡಿನ ಹತ್ತರಲ್ಲೊಂದು ಭಾಗ ಕಳೆಯುವುದರೊಳಗೆ ಕುತ್ತಿಗೆ, ಹೆಗಲು, ಕಣ್ಣರೆಪ್ಪೆ ಮೂರೂ ಕುಗ್ಗಿರುತ್ತವೆ. ಏನಾಯಿತು ಎಂದು ನಾವು ಕೇಳಿಕೊಳ್ಳುವಷ್ಟರಲ್ಲಿ ಕಾಲು ಹಿಂದಕ್ಕೆ ಸರಿದಿರುತ್ತದೆ. ಹಾಗಾದರೆ ಮನುಷ್ಯ ಚೀಟಿ ಬರೆಯುವುದೇಕೆ? ಮೈ ಬರೆಯಲಿ. ಕತ್ತಿನ ಹಿಂದೆ ರೂಪಾಯಿ ನಾಣ್ಯದಷ್ಟು ಅಗಲದ ಒಂದು ಬಿಲ್ಲೆ ಅಂಟಿಸಿದರೆ ಸಾಕು. ಮೈ ಬೆಚ್ಚಿದಾಗಲೆಲ್ಲ ಅದು ಗುಂಯ್ ಎನ್ನುತ್ತದೆ. ಯಾವ ಜಾಗ, ಯಾವ ಗಳಿಗೆ ಎಂದು ಕಂಟ್ರೋಲ್ ರೂಮಿನ ಪರದೆಯ ಮೇಲೆ ಹಸಿರು ಚುಕ್ಕೆ ಕೆಂಪಾಗುತ್ತದೆ.

ಕಂಪನಿ ಅದಕ್ಕೆ ಸಂಸ್ಕೃತದಲ್ಲಿ ಏನೋ ಹೆಸರಿಟ್ಟಿತ್ತು. ಕೆಲಸಗಾರರು ಅದನ್ನು ಉಣ್ಣಿ ಎಂದು ಕರೆದರು. ಎಮ್ಮೆಯ ಕಿವಿಯ ಹಿಂದೆ ಕಚ್ಚಿಕೊಂಡಿರುತ್ತದಲ್ಲ, ಅದು.

ಮೊದಲ ತಿಂಗಳು ನಾನೂರ ಹನ್ನೆರಡು ಕೆಂಪು ಚುಕ್ಕೆ ಬಿದ್ದವು. ನೀಲಾಂಬಿಕಾ ನಿದ್ದೆಗೆಟ್ಟು ಒಂದೊಂದನ್ನೂ ನೋಡಿದಳು. ಕರಗಿದ ಕಬ್ಬಿಣ ಒಯ್ಯುವ ದೊಡ್ಡ ಬಕೆಟ್ಟಿನ ಕೆಳಗೆ ಹಾಯುವಾಗ ಮೂರು ದಿನದಲ್ಲಿ ಆರು ಜನ ಬೆಚ್ಚಿದ್ದರು. ಕೇಳಿದರೆ ಆರೂ ಜನಕ್ಕೆ ನೆನಪಿರಲಿಲ್ಲ. ಇಳಿಸಿ ನೋಡಿದಾಗ ಬಕೆಟ್ಟಿನ ಹಿಡಿಕೆಯಲ್ಲಿ ಕೂದಲೆಳೆಯಷ್ಟು ಬಿರುಕು, ಹೊರಲಾರದೆ ಕಿರುಗುಡುವ ಬಿರುಕು, ಕಂಡಿತು. ಇನ್ನೊಂದು ವಾರ ಹೋಗಿದ್ದರೆ ಒಂದೂವರೆ ಟನ್ ಬೆಂಕಿ ಜನರ ಮೇಲೆ ಸುರಿಯುತ್ತಿತ್ತು. ಆ ದಿನ ನೀಲಾಂಬಿಕಾ ಮನೆಗೆ ಹೋಗಿ ಗುರುಸಿದ್ದನನ್ನು ಅಪ್ಪಿಕೊಂಡು ಅತ್ತಳು. ತಾನು ಮಾಡುತ್ತಿರುವುದು ಒಳ್ಳೆಯ ಕೆಲಸ ಎಂದು ಅವಳಿಗೆ ಅಷ್ಟು ಖಚಿತವಾಗಿ ಮತ್ತೆಂದೂ ಅನಿಸಲಿಲ್ಲ.

ಉಣ್ಣಿ ಅಂಟಿಸುವ ಮೊದಲು ಅವಳು ಎಲ್ಲರನ್ನೂ ಕೂರಿಸಿ ಮಾತು ಕೊಟ್ಟಿದ್ದಳು. ಪರದೆಯ ಮೇಲೆ ಜಾಗ ಮಾತ್ರ ಕಾಣುತ್ತದೆ, ಹೆಸರು ಕಾಣುವುದಿಲ್ಲ ಎಂದು. ಮೀರಾಸಾಬ ಎದ್ದು ನಿಂತು, "ಬಾಯಾರ ಮಾತಿಗೆ ನಾ ಹಚ್ಚಿಕೊಂತೀನಿ," ಎಂದು ಮೊದಲು ಕತ್ತು ಬಗ್ಗಿಸಿದ್ದ.

ನಾಲ್ಕನೇ ತಿಂಗಳು ಮ್ಯಾನೇಜರ್ ಪೋತದಾರ ಸಾಹೇಬರು ಅವಳನ್ನು ಕರೆದರು. ಕೆಟ್ಟ ಮನುಷ್ಯರೇನಲ್ಲ. ಅಂಕಿಗಳು ಇಳಿಯಬೇಕೆಂದು ಮೇಲಿನವರು ಅವರ ಬೆನ್ನು ಹತ್ತಿದ್ದರು, ಅವರು ಇವಳ ಬೆನ್ನು ಹತ್ತಿದರು, ಅಷ್ಟೇ.

"ಯಾರು ಜಾಸ್ತಿ ಬೆಚ್ಚತಾರ ಅವರ ಹೆಸರು ಬೇಕು ನೀಲಾಂಬಿಕಾ. ಶಿಕ್ಷಾ ಕೊಡಾಕಲ್ಲ, ತರಬೇತಿ ಕೊಡಾಕ."

"ಹೆಸರು ಹೇಳೂದಿಲ್ಲಂತ ಮಾತು ಕೊಟ್ಟೀನ್ರಿ ಸರ್."

"ನೀವು ಕೊಟ್ಟೀರಿ. ಕಂಪನಿ ಕೊಟ್ಟಿಲ್ಲಲ್ಲ."

ಅವಳು ಎರಡು ದಿನ ತಡೆದಳು. ಮೂರನೆಯ ದಿನ ಪಟ್ಟಿ ಟೈಪು ಮಾಡಿ ಕಳಿಸಿದಳು. ಮಗಳು ಚಿನ್ಮಯಿಯನ್ನು ಆ ವರ್ಷವೇ ಶಾಲೆಗೆ ಸೇರಿಸಿದ್ದರು, ಗಂಡ ಹೆಂಡತಿ ಇಬ್ಬರ ಅನ್ನವೂ ಅದೇ ಭಟ್ಟಿಯಲ್ಲಿ ಬೇಯುತ್ತಿತ್ತು, ಇನ್ನೊಬ್ಬರಾದರೂ ಇದನ್ನೇ ಮಾಡುತ್ತಿದ್ದರು. ಸಮಾಧಾನಗಳು ಹುಡುಕಿದವರಿಗೆ ಸಿಗುತ್ತವೆ.

ಆಮೇಲೆ ಬೆಚ್ಚಿದವನ ಹೆಸರು ಗೇಟಿನ ಬೋರ್ಡಿನ ಮೇಲೆ ಬಂತು. ಪಾಳಿ ಮುಗಿದ ಮೇಲೆ ಅವನು ವಿಚಾರಣೆಗೆ ಕೂರಬೇಕು. ಯಾಕೆ ಬೆಚ್ಚಿದೆ, ಗಮನ ಎಲ್ಲಿತ್ತು, ಮನೆಯಲ್ಲಿ ಜಗಳವೇ? ತಿಂಗಳಲ್ಲಿ ಮೂರು ಸಲ ಹೆಸರು ಬಂದರೆ ಭಟ್ಟಿಯ ಅಂಗಳದಿಂದ ಹೊರಗೆ, ಗುಜರಿಯ ಬಯಲಿಗೆ. ಮೀರಾಸಾಬನ ಹೆಸರು ಮೊದಲ ವಾರದಲ್ಲೇ ಐದು ಸಲ ಬಂತು. ಮೂವತ್ತು ವರ್ಷ ಬೆಂಕಿಯ ಜೊತೆ ಬಾಳಿದವನಿಗೆ ಬೆಂಕಿಯ ಪ್ರತಿ ಉಸಿರೂ ಗೊತ್ತು, ಪ್ರತಿ ಉಸಿರಿಗೂ ಅವನ ಮೈ ಉತ್ತರ ಕೊಡುತ್ತಿತ್ತು. ಅವನ ಕತ್ತಿನ ಉಣ್ಣಿ ಕಿತ್ತು, ಮಳೆ ಬಿಸಿಲಿನಲ್ಲಿ ತುಕ್ಕು ಕಬ್ಬಿಣ ಆರಿಸಲು ಕಳಿಸಿದರು. ಹೋಗುವಾಗ ಅವನು ನೀಲಾಂಬಿಕಾಳನ್ನು ಏನೂ ಅನ್ನಲಿಲ್ಲ. ಅಂದಿದ್ದರೆ ಅವಳಿಗೆ ಹಗುರಾಗುತ್ತಿತ್ತು.

ಅಂಕಿ ಇಳಿಯಿತು. ನಾನೂರರಿಂದ ನೂರಕ್ಕೆ, ನೂರರಿಂದ ಒಂಬತ್ತಕ್ಕೆ. ಮಾರ್ಚಿನಲ್ಲಿ ಮೊದಲ ಬಾರಿಗೆ ಒಂದು ಇಡೀ ದಿನ ಸೊನ್ನೆ ಬಂತು. ಬೋರ್ಡಿನ ಮೇಲೆ "ಅಪಾಯವಿಲ್ಲದ ದಿನಗಳು: 1" ಎಂದು ಬರೆದು ಪೇಢೆ ಹಂಚಿದರು. ಮರುದಿನ ಎರಡಾಯಿತು, ಆಮೇಲೆ ಮೂರು. ಆಮೇಲೆ ಆ ಅಂಕಿ ನಿಲ್ಲಲೇ ಇಲ್ಲ.

ಮನೆಯಲ್ಲಿ ಚಿನ್ಮಯಿಗೆ ಒಂದು ಆಟವಿತ್ತು. ಅಪ್ಪ ಕೆಲಸದಿಂದ ಬರುವ ಹೊತ್ತಿಗೆ ಬಾಗಿಲ ಹಿಂದೆ ಅಡಗಿ "ಭೋ" ಎನ್ನುವುದು. ಅಪ್ಪ ಹೌಹಾರಿ ಬುತ್ತಿ ಡಬ್ಬಿ ಕೈಬಿಡುವುದು. ಮೊದಮೊದಲು ನಿಜವಾಗಿ, ಆಮೇಲೆ ನಟಿಸಿ. ಮೇ ತಿಂಗಳಲ್ಲಿ ಒಂದು ಸಂಜೆ ಮಗು "ಭೋ" ಎಂದಿತು, ಗುರುಸಿದ್ದ ನಿಧಾನವಾಗಿ ತಿರುಗಿ, "ಏನವ್ವಾ?" ಎಂದ. ನಟಿಸುವುದೂ ಅವನಿಗೆ ಹೊಳೆದಿರಲಿಲ್ಲ. ಮಗು ನಾಲ್ಕು ದಿನ ಪ್ರಯತ್ನಿಸಿ ಆ ಆಟ ಬಿಟ್ಟಿತು.

ನೀಲಾಂಬಿಕಾ ಮೊದಲು ನಕ್ಕಳು. ದಣಿದಿದ್ದಾನೆ ಎಂದುಕೊಂಡಳು. ಆಮೇಲೆ ಒಂದು ಭಾನುವಾರ ಕುಕ್ಕರಿನ ವಾಲ್ವು ಹಾರಿ ಬೇಳೆ ಚಾವಣಿಗೆ ಸಿಡಿಯಿತು. ಅವಳು ಕಿರುಚಿ ಹಿತ್ತಲಿಗೆ ಓಡಿದಳು. ಒಲೆಯ ಪಕ್ಕದಲ್ಲೇ ಕೂತು ಅವರೆಕಾಯಿ ಸುಲಿಯುತ್ತಿದ್ದ ಗುರುಸಿದ್ದ ಸುಲಿಯುತ್ತಲೇ ಇದ್ದ. ತೋಳಿನ ಮೇಲೆ ಬಿಸಿ ಬೇಳೆ ಬಿದ್ದಿತ್ತು. ಅದನ್ನು ಅವನು ನೋಡಿದ, ಸ್ವಲ್ಪ ಹೊತ್ತಿನ ಮೇಲೆ ಒರೆಸಿಕೊಂಡ.

"ರೀ, ನಿಮಗ ಕೇಳಿಸಲಿಲ್ಲೇನು?"

"ಕೇಳಿಸಿತು. ಕುಕ್ಕರ್ ಹಾರಿತು."

"ಮತ್ತ ಸರೀಬೇಕಿಲ್ಲೇನು?"

ಗುರುಸಿದ್ದ ಯೋಚಿಸಿದ, ನಿಜವಾಗಿ ಯೋಚಿಸಿದ. ಆಮೇಲೆ ನಗುತ್ತ ಹೇಳಿದ. "ನಾವು ಕಲ್ಲ ಆಗೀವಿ, ನೀಲಾ."

ಅವನು ಹೆಮ್ಮೆಯಿಂದ ವಿವರಿಸಿದ. ಮಧ್ಯಾಹ್ನದ ಊಟದ ಬಿಡುವಿನಲ್ಲಿ, ಚುಕ್ಕೆ ಲೆಕ್ಕಕ್ಕೆ ಹಿಡಿಯದ ಹೊತ್ತಿನಲ್ಲಿ, ಭಟ್ಟಿಯವರೆಲ್ಲ ಸುತ್ತ ಕೂರುತ್ತಾರೆ. ಒಬ್ಬ ನಡುವೆ ಕಣ್ಣು ಮುಚ್ಚಿ ಕೂರಬೇಕು. ಅವನ ಬೆನ್ನ ಹಿಂದೆ ಯಾವಾಗಲೋ, ಹೇಳದೆ ಕೇಳದೆ, ಕಬ್ಬಿಣದ ತಗಡು ಎತ್ತಿ ಹಾಕುತ್ತಾರೆ. ಉಣ್ಣಿ ಗುಂಯ್ ಅಂದರೆ ಸೋತ. ಮೊದಲ ದಿನ ನೂರಕ್ಕೆ ನೂರು ಸೋಲು. ತಿಂಗಳೊಪ್ಪತ್ತಿನಲ್ಲಿ ಮೈ ಕಲಿಯುತ್ತದೆ. ತಗಡಾಯಿತು, ಪಟಾಕಿಯಾಯಿತು, ಕಿವಿಯ ಬಳಿ ಚಿಮಟಿಗೆ ಬಡಿಯುವುದಾಯಿತು, ಕೊನೆಗೆ ಕಿಡಿ. ಇಪ್ಪತ್ತಮೂರು ಜನರಲ್ಲಿ ಮೊದಲು ಕಲ್ಲಾದವನು ಗುರುಸಿದ್ದನೇ. ಉಳಿದವರಿಗೆ ಅವನೇ ಗುರು.

"ಮೀರಾಸಾಬ ಚಾಚಾನಂಗ ಗುಜರಿ ಆರಿಸಾಕ ಹೋಗಬೇಕೇನು ನಾ? ಭಟ್ಟಿ ಬಿಟ್ಟು ನನಗ ಏನ್ ಬರತೈತಿ?"

ಹೊಸ್ತಿಲಲ್ಲಿ ಚಿನ್ಮಯಿ ನಿಂತಿದ್ದಳು. "ಮಮ್ಮಿ, ನಾನೂ ಕಲ್ಲ ಆಗಾಕತ್ತೀನಿ. ಪಪ್ಪಾ ಕಲಿಸ್ಯಾನ," ಎಂದು ಕಣ್ಣು ಅಗಲಿಸಿ, ರೆಪ್ಪೆ ಬಡಿಯದೆ ತೋರಿಸಿದಳು. ನೀಲಾಂಬಿಕಾಳಿಗೆ ಹೆದರಿಕೆಯಾಯಿತು, ಮತ್ತು ಆ ಮನೆಯಲ್ಲಿ ಹೆದರುವುದು ತನಗೊಬ್ಬಳಿಗೇ ಉಳಿದಿದೆ ಎಂದು ತಿಳಿದು ಇನ್ನೂ ಹೆಚ್ಚು ಹೆದರಿಕೆಯಾಯಿತು.

ಮರುದಿನ ಕಂಟ್ರೋಲ್ ರೂಮಿನ ಬಾಗಿಲು ಹಾಕಿಕೊಂಡು ವೈಶಂಪಾಯನರಿಗೆ ಫೋನ್ ಮಾಡಿದಳು. ಅವರು ಪೂರ್ತಿ ಕೇಳಿಸಿಕೊಂಡರು.

"ನೋಡಮ್ಮ," ಎಂದರು, "ನನ್ನ ಯಂತ್ರ ಅಪಾಯವನ್ನು ಅಳೆಯೋದಿಲ್ಲ. ಬೆಚ್ಚೋದನ್ನ ಅಳೆಯುತ್ತೆ. ಬೆಚ್ಚೋದು ನಿಂತರೆ ಅದಕ್ಕೆ ಸೊನ್ನೆ ಕಾಣುತ್ತೆ. ಅಪಾಯ ಹೋಗಿದ್ದಕ್ಕೆ ನಿಂತಿತೋ, ಮನುಷ್ಯ ಹೋಗಿದ್ದಕ್ಕೆ ನಿಂತಿತೋ, ಅದಕ್ಕೆ ತಿಳಿಯೋದಿಲ್ಲ."

"ವಾಪಸ್ ಬರತೈತೇನ್ರಿ ಸರ್, ಬೆಚ್ಚೂದು?"

"ಸದ್ದಿಲ್ಲದ ಜಾಗದಲ್ಲಿ ತಿಂಗಳುಗಟ್ಟಲೆ ಇಟ್ಟರೆ ಬರಬಹುದು. ಎಲ್ಲರಿಗೂ ಅಂತ ಹೇಳಲಾರೆ. ಎಷ್ಟು ಜನ ಹೀಗಾಗಿದ್ದಾರೆ?"

"ಭಟ್ಟಿ ಅಂಗಳದಾಗ ಇಪ್ಪತ್ತಮೂರು. ಎಲ್ಲಾರೂ."

"ಆ ಭಟ್ಟಿ ಇವತ್ತೇ ಆರಿಸೋಕೆ ಹೇಳಮ್ಮ," ಎಂದು ಅವರು ಹೇಳಿದರು.

ಭಟ್ಟಿ ಆರಿಸುವುದು ಅವಳ ಕೈಯಲ್ಲಿ ಇರಲಿಲ್ಲ. ಅವಳು ಕೈಯಲ್ಲಿದ್ದದ್ದನ್ನು ಮಾಡಿದಳು. ಭಟ್ಟಿಯ ಮೇಲೆ ಸದ್ದು ದಾಖಲಿಸುವ ಮೈಕು ಒಂದಿತ್ತು. ಅದರ ಮೂರು ತಿಂಗಳ ದಾಖಲೆ ತೆಗೆದು ಕೇಳಿದಳು. ಜೂನ್ ಬಂದು ಮಳೆ ಹಿಡಿದಿತ್ತು. ಬಯಲಿನಲ್ಲಿ ನೆನೆದ ಗುಜರಿ ಹಾಗೆಯೇ ಭಟ್ಟಿಗೆ ಬೀಳುತ್ತಿತ್ತು. ನೀರು ಕುದಿಯುವ ಕಬ್ಬಿಣಕ್ಕೆ ತಾಗಿದರೆ ಮೊದಲು ಸುಂಯ್ ಎಂಬ ಸಣ್ಣ ಸಿಳ್ಳು. ಆಮೇಲೆ ಚಟ್ಟೆಂದು ಹನಿಗಳು ಹಾರುತ್ತವೆ. ಸುಮ್ಮನೆ ಒದ್ದೆಯಾದ ತುಂಡಾದರೆ ಅಷ್ಟಕ್ಕೇ ಮುಗಿಯಿತು. ಎರಡೂ ಕಡೆ ಮುಚ್ಚಿದ ಪೈಪೋ, ಹಳೆ ಗಾಡಿಯ ಶಾಕ್ ಅಬ್ಸಾರ್ಬರೋ ಬಿದ್ದರೆ, ಒಳಗಿನ ಒಂದು ಲೋಟ ನೀರು ಸಾವಿರಾರು ಪಟ್ಟು ಉಬ್ಬಿ ಆವಿಯಾಗಿ ಇಡೀ ಭಟ್ಟಿಯನ್ನು ಮೇಲಕ್ಕೆ ಕಾರುತ್ತದೆ. ಸಿಳ್ಳಿಗೂ ಸಿಡಿತಕ್ಕೂ ನಡುವೆ ನಾಲ್ಕೈದು ಸೆಕೆಂಡು ಸಿಗುತ್ತದೆ. ಆ ಸಿಳ್ಳಿಗೆ ಬೆಚ್ಚಿ ಹಿಂದೆ ಸರಿದವನು ಬದುಕುತ್ತಾನೆ. ಹಳೆ ಮಿಸ್ತ್ರಿಗಳೆಲ್ಲ ಹಾಗೆಯೇ ಬದುಕಿದ್ದರು.

ಜೂನಿನ ಒಂದೇ ವಾರದಲ್ಲಿ ಅವಳು ಅರವತ್ತೆಂಟು ಸಿಳ್ಳು ಎಣಿಸಿದಳು. ಕೆಂಪು ಚುಕ್ಕೆ ಒಂದೂ ಇರಲಿಲ್ಲ.

ಪೋತದಾರರು ಆ ಹಾಳೆಯನ್ನು ಮೇಜಿನ ಮೇಲೆ ಮಗುಚಿಟ್ಟರು. "ಸೋಮವಾರ ನೂರನೇ ದಿನ. ಮುಂಬೈ ಹೆಡ್ ಆಫೀಸಿನವ್ರು ಬರಾಕತ್ತಾರ, ಉಣ್ಣಿ ನೋಡಾಕ. ನಮ್ಮ ಮಾದರಿ ಇನ್ನ ಮೂರು ಕಾರ್ಖಾನೆಗೆ ಹೋಗತೈತಿ. ಸೋಮವಾರ ಒಂದು ದಾಟಲಿ. ಮಂಗಳವಾರ ಕುಂತು ಮಾತಾಡೂಣು."

"ಸರ್, ಸೋಮವಾರನ ಆದ್ರ?"

"ನೂರು ದಿನ ಆಗಿಲ್ಲದ್ದು ನೂರನೇ ದಿನ ಯಾಕ ಆಗತೈತಿ?"

ಅವಳು ಮಗುಚಿಟ್ಟ ಹಾಳೆಯನ್ನು ಎತ್ತಿಕೊಂಡು ಹೊರಬಂದಳು.

ಭಾನುವಾರ ಅವಳು ಗುರುಸಿದ್ದನನ್ನು ಬೇಡಿಕೊಂಡಳು. ನಾಳೆ ಒಂದು ದಿನ ರಜೆ ಹಾಕಿ ಎಂದಳು. ಅವನು ಸಿಟ್ಟಾಗಲಿಲ್ಲ, ಇತ್ತೀಚೆಗೆ ಅವನಿಗೆ ಸಿಟ್ಟೂ ಬರುತ್ತಿರಲಿಲ್ಲ.

"ನಾ ಬರ್ಲಿಲ್ಲಂದ್ರ ನನ್ನ ಜಾಗಾದಾಗ ಇನ್ನೊಬ್ಬ ನಿಂದರತಾನ. ಅವನೂ ಕಲ್ಲ. ಅವನಿಗೂ ಹೆಂಡ್ತಿ ಅದಾಳ."

ಆಗ ಅವಳಿಗೆ ಮೀರಾಸಾಬ ನೆನಪಾದ. ಕಾರ್ಖಾನೆಯಲ್ಲಿ ಮೈ ಸತ್ತಿರದ ಒಬ್ಬ ಮಿಸ್ತ್ರಿ ಉಳಿದಿದ್ದರೆ ಅದು ಹೊರಗೆ ಹಾಕಿಸಿಕೊಂಡವನೇ.

ಸೋಮವಾರ ಬೆಳಿಗ್ಗೆ ಏಳಕ್ಕೇ ಅವಳು ಗುಜರಿಯ ಬಯಲಿಗೆ ಹೋದಳು. ಮೀರಾಸಾಬ ತಲೆಯ ಮೇಲೆ ಗೋಣಿಚೀಲ ಹೊದ್ದು, ರಾಶಿಯಿಂದ ಶಾಕ್ ಅಬ್ಸಾರ್ಬರುಗಳನ್ನು ಆರಿಸಿ ಪಕ್ಕಕ್ಕೆ ಎಸೆಯುತ್ತಿದ್ದ.

"ಇವನ್ನ ಕೊಯ್ದು ನೀರು ತಗದ ಮ್ಯಾಲೆ ಭಟ್ಟಿಗೆ ಹಾಕಬೇಕ್ರಿ. ನಾ ಆರಿಸಿ ಇಡ್ತೀನಿ, ಲೋಡರ್‌ನವ ಬಂದು ಎಲ್ಲಾ ಕೂಡಿ ಬಳಕೊಂಡು ಒಯ್ತಾನ. ಎಷ್ಟಂತ ಹೇಳಲಿ?"

ನೀಲಾಂಬಿಕಾ ಎಲ್ಲವನ್ನೂ ಹೇಳಿದಳು. ಆಮೇಲೆ, "ಚಾಚಾ, ಇವತ್ತೊಂದು ದಿನ ಭಟ್ಟಿ ಅಂಗಳದ ಉತ್ತರದ ಬಾಗಿಲದಾಗ ನಿಂದರ್ರಿ. ಸಿಳ್ಳು ಕೇಳಿದ್ರ ಕೂಗರಿ. ಅಷ್ಟ," ಎಂದಳು.

"ನನಗ ಅಲ್ಲಿ ಬರಬ್ಯಾಡ ಅಂತ ಬರದು ಕೊಟ್ಟಾರಲ್ರಿ."

"ಯಾರರ ಕೇಳಿದ್ರ ನಾ ಕರದೀನಿ ಅಂತ ಹೇಳ್ರಿ. ನಾ ಅದೀನಿ."

ಮೀರಾಸಾಬ ಕೈಯ ತುಕ್ಕು ಒರೆಸಿಕೊಂಡ. "ಗುರುಸಿದ್ದ ನನ್ನ ಕೈಯಾಗ ಬೆಳದ ಹುಡುಗ," ಎಂದು ಹೇಳಿ ಅವಳ ಹಿಂದೆ ನಡೆದ.

ಹನ್ನೊಂದಕ್ಕೆ ಗೇಟಿನಲ್ಲಿ ಕಾರುಗಳು ಬಂದವು. ಹಾರ, ಪೇಟ, ಭಾಷಣ. ನೀಲಾಂಬಿಕಾ ಕಂಟ್ರೋಲ್ ರೂಮು ಬಿಟ್ಟು ಏಳಲಿಲ್ಲ. ಒಂದು ಪರದೆಯಲ್ಲಿ ಇಪ್ಪತ್ತಮೂರು ಹಸಿರು ಚುಕ್ಕೆ, ಇನ್ನೊಂದರಲ್ಲಿ ಕ್ಯಾಮೆರಾದ ಚಿತ್ರ, ಕಿವಿಗೆ ಭಟ್ಟಿಯ ಸದ್ದು. ಉತ್ತರದ ಬಾಗಿಲಲ್ಲಿ ಮೀರಾಸಾಬನ ಬಿಳಿ ಟೋಪಿ ಕಾಣುತ್ತಿತ್ತು. ಅವನ ಕತ್ತಿಗೆ ಉಣ್ಣಿ ಇಲ್ಲವಾದ್ದರಿಂದ ಚುಕ್ಕೆಗಳ ಪರದೆಗೆ ಅವನು ಇರಲೇ ಇಲ್ಲ.

ಹನ್ನೊಂದೂ ನಲವತ್ತಕ್ಕೆ ಕ್ರೇನು ಒಂದು ಹೊರೆ ಗುಜರಿಯನ್ನು ಭಟ್ಟಿಗೆ ಸುರಿಯಿತು. ನೀಲಾಂಬಿಕಾಳ ಕಿವಿಯಲ್ಲಿ ಸಿಳ್ಳು ಎದ್ದಿತು. ಅದು ಸಣ್ಣದಾಗಿರಲಿಲ್ಲ. ಏರುತ್ತ ಹೋಗುವ ಸಿಳ್ಳು. ಅವಳ ಮೈಯೆಲ್ಲ ಕುಗ್ಗಿತು, ಕೈ ತಾನಾಗಿ ಸೈರನ್ನಿನ ಗುಂಡಿ ಒತ್ತಿತು.

ಪರದೆಯ ಮೇಲೆ ಇಪ್ಪತ್ತಮೂರು ಚುಕ್ಕೆಯೂ ಹಸಿರಾಗಿಯೇ ಇದ್ದವು.

ಮೀರಾಸಾಬ ಎರಡೂ ಕೈ ಎತ್ತಿ ಕೂಗುತ್ತ ಒಳಗೆ ಓಡಿದ. "ಸರೀರೋ, ಸರೀರೋ, ಗುರುಸಿದ್ದಾ" ಎಂಬುದು ಸೈರನ್ನಿನ ನಡುವೆಯೂ ಅವಳಿಗೆ ಕೇಳಿಸಿತು. ಭಟ್ಟಿಯ ಸುತ್ತ ಇದ್ದವರು ತಿರುಗಿದರು, ಭಟ್ಟಿಯ ಕಡೆಗಲ್ಲ, ಅವನ ಕಡೆಗೆ. ಬೆಚ್ಚುವ ಮುದುಕ, ಓಡೋಡಿ ಬರುತ್ತಿದ್ದಾನೆ, ಟೋಪಿ ಬಿದ್ದಿದೆ. ಅವರ ಹೆಗಲುಗಳು ಕುಲುಕುವುದು ಕ್ಯಾಮೆರಾದಲ್ಲಿ ಕಂಡಿತು. ಅವರು ನಗುತ್ತಿದ್ದರು.

ಮೀರಾಸಾಬ ಗುರುಸಿದ್ದನ ಎದೆಗೆ ತಲೆ ಕೊಟ್ಟು ನೂಕಿದ. ಆಗ ಚಿತ್ರ ಬೆಳ್ಳಗಾಯಿತು.

ಆಮೇಲೆ ಅವಳು ನೋಡಿದ್ದು ಚುಕ್ಕೆಗಳನ್ನು. ಮೂರು ಚುಕ್ಕೆ ಆರಿಹೋದವು. ಕೊನೆಯ ಗಳಿಗೆಯವರೆಗೂ ಅವು ಕೆಂಪಾಗಲಿಲ್ಲ.

ಮೂವರು ಸುಟ್ಟ ಗಾಯಗಳಿಂದ ಆಸ್ಪತ್ರೆ ಸೇರಿದರು. ಅವರಲ್ಲಿ ಗುರುಸಿದ್ದನೂ ಒಬ್ಬ, ಎಡ ಹೆಗಲು ಮತ್ತು ತೋಳು ಬೆಂದಿದ್ದವು. ಸತ್ತವನು ಒಬ್ಬನೇ. ಮೀರಾಸಾಬ.

ಮೂರನೆಯ ದಿನ ಪೋತದಾರರು ಆಸ್ಪತ್ರೆಗೇ ಬಂದರು. ಅವರ ಮುಖವೂ ಇಳಿದುಹೋಗಿತ್ತು. ತನಿಖೆಯ ವರದಿ ತಂದಿದ್ದರು, ಸುರಕ್ಷತಾ ಅಧಿಕಾರಿಯ ಸಹಿ ಬೇಕಿತ್ತು. ಅದರಲ್ಲಿ ಹೀಗಿತ್ತು: ಗುಜರಿ ವಿಭಾಗದ ಕೆಲಸಗಾರ ಮೀರಾಸಾಬ ಅನುಮತಿಯಿಲ್ಲದೆ ನಿಷೇಧಿತ ಅಂಗಳಕ್ಕೆ ನುಗ್ಗಿ ಕೂಗಾಡಿ, ಭಟ್ಟಿಯವರ ಗಮನ ತಪ್ಪಿಸಿದ್ದರಿಂದ ಅವರು ಸಮಯಕ್ಕೆ ಸರಿಯಲಾಗಲಿಲ್ಲ. ಉಣ್ಣಿಯ ದಾಖಲೆಯ ಪ್ರಕಾರ ಉಳಿದ ಇಪ್ಪತ್ತಮೂರು ಜನ ಕೊನೆಯವರೆಗೂ ಶಾಂತರಾಗಿದ್ದರು.

"ಅವನನ್ನ ನೀವು ಕರದಿದ್ರಿ ಅಂತ ಯಾರೋ ಅಂದ್ರು," ಎಂದರು ಪೋತದಾರರು ನೆಲ ನೋಡುತ್ತ. "ನಾ ಕೇಳಿಲ್ಲಂತ ತಿಳ್ಕೊಂತೀನಿ. ಅದು ಹೊರಗ ಬಂದ್ರ ನಿಮ್ಮ ಮ್ಯಾಲೆ ಕೇಸ್ ಆಗತೈತಿ. ಗಂಡ ಹಾಸಿಗಿ ಮ್ಯಾಲದಾನ, ಸಣ್ಣ ಕೂಸೈತಿ. ಸಹಿ ಮಾಡ್ರಿ."

ನೀಲಾಂಬಿಕಾ ಸಹಿ ಮಾಡಿದಳು. ಈ ಸಲ ಅದು ಹೆಸರಿನ ಪಟ್ಟಿ ಕಳಿಸಿದಾಗಿನಷ್ಟು ಕಷ್ಟವಾಗಲಿಲ್ಲ, ಅದೇ ಅವಳನ್ನು ಹೆಚ್ಚು ಕಾಡಿತು.

ಒಂದು ತಿಂಗಳ ಮೇಲೆ ಗುರುಸಿದ್ದ ಮನೆಗೆ ಬಂದ. ವೈಶಂಪಾಯನರು ಹೇಳಿದಂತೆ ಮನೆಯನ್ನು ಸದ್ದಿಲ್ಲದಂತೆ ಇಟ್ಟರು. ಕುಕ್ಕರ್ ಅಟ್ಟ ಸೇರಿತು, ಬಾಗಿಲ ಚಿಲಕಕ್ಕೆ ಬಟ್ಟೆ ಸುತ್ತಿದರು, ಚಿನ್ಮಯಿ ತುದಿಗಾಲಲ್ಲಿ ನಡೆಯಲು ಕಲಿತಳು. ಗುರುಸಿದ್ದ ಕಿಟಕಿಯ ಬಳಿ ಕೂತಿರುತ್ತಿದ್ದ. ಒಂದೇ ಒಂದು ದಿನ ಆ ದಿನದ ಮಾತು ಆಡಿದ. "ಎಲ್ಲಾ ಕಂಡಿತ್ತು ನೀಲಾ. ಬೆಂಕಿ ಮ್ಯಾಲೆ ಎದ್ದಿದ್ದು, ನನ್ನ ಕಡೆ ಬಂದಿದ್ದು. ಸರೀಬೇಕು ಅಂತ ಗೊತ್ತಿತ್ತು. ಕಾಲಿಗೆ ಯಾರೂ ಹೇಳಲಿಲ್ಲ." ಹೇಳಿದ ಮುಖದಲ್ಲಿ ಯಾವ ಕಳವಳವೂ ಇರಲಿಲ್ಲ. ಬೇರೆಯವರಿಗೆ ಆದದ್ದನ್ನು ಹೇಳಿದಂತಿತ್ತು.

ಕಾರ್ಖಾನೆಯಿಂದ ಸುದ್ದಿ ಬರುತ್ತಲೇ ಇತ್ತು. ಭಟ್ಟಿ ಮತ್ತೆ ಹೊತ್ತಿತ್ತು. ಮುಂಬೈಯವರು ಒಪ್ಪಿದ್ದರು, ಮೂರು ಕಾರ್ಖಾನೆಗೂ ಉಣ್ಣಿ ಹೋಗಿತ್ತು. ಅಷ್ಟು ದೊಡ್ಡ ಸಿಡಿತದಲ್ಲೂ ಕೆಲಸಗಾರರು ಗಾಬರಿಯಾಗಿ ಓಡಲಿಲ್ಲ ಎಂಬುದು ಅವರಿಗೆ ಬಹಳ ಹಿಡಿಸಿತ್ತಂತೆ. ಆದದ್ದು ಅಪಘಾತ, ಅದಕ್ಕೆ ಬೇರೆ ರಿಜಿಸ್ಟರ್ ಇದೆ. ಹಾಗಾಗಿ ಬೋರ್ಡಿನ ಮೇಲಿನ ಎಣಿಕೆಯನ್ನು ಅಳಿಸಿರಲಿಲ್ಲ.

ಶ್ರಾವಣದ ಒಂದು ಮಧ್ಯಾಹ್ನ ಮೀರಾಸಾಬನ ಹೆಂಡತಿ ಮಾಬೂಬಿ ಬಂದಳು. ಬಾಗಿಲಲ್ಲೇ ನಿಂತಳು. ಒಳಗೆ ಬರಲು ನೀಲಾಂಬಿಕಾ ಎಷ್ಟು ಕರೆದರೂ ಹೊಸ್ತಿಲ ಹೊರಗಿನ ಕಟ್ಟೆಯ ಮೇಲೆ ಕೂತಳು. ನೀರು ಕೊಟ್ಟರೆ ಪಕ್ಕಕ್ಕಿಟ್ಟಳು.

"ನಾ ಬೈಯಾಕ ಬಂದಿಲ್ಲವ್ವಾ," ಎಂದಳು. "ಒಂದು ಕೇಳಾಕ ಬಂದೀನಿ. ಬ್ಯಾಡಂದ ಜಾಗಾಕ ಅಂವ ಹೋಗೂ ಮನಷ್ಯಾ ಅಲ್ಲ. ಮೂವತ್ತು ವರ್ಷದಾಗ ಒಂದು ದಿನ ಗೇಟಿಗೆ ತಡಾ ಮಾಡಿಲ್ಲ. ಈಗ ಓಣ್ಯಾಗ ಮಂದಿ ಅಂತಾರ, ನಿನ್ನ ಗಂಡ ಹುಚ್ಚನಂಗ ಒಳಗ ಹೊಕ್ಕು ಮಂದೀನ ಸುಟ್ಟ ಅಂತ. ನನ್ನ ಮಗ ಆ ಮಾತು ಕೇಳಿ ಉಣ್ಣೂದು ಬಿಟ್ಟಾನ. ಅಂವ ಯಾಕ ಹೋದ? ಯಾರರ ಕರದಿದ್ರೇನು?"

ಕಿಟಕಿಯ ಬಳಿ ಗುರುಸಿದ್ದ ಅಲುಗಾಡಲಿಲ್ಲ. ನೀಲಾಂಬಿಕಾ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಇಲ್ಲ ಎಂದರೆ ಮುಗಿಯುತ್ತಿತ್ತು. ಮಾಬೂಬಿ ನಂಬಿ ಎದ್ದು ಹೋಗುತ್ತಿದ್ದಳು. ಆ ಮುಖದಲ್ಲಿ ಅಷ್ಟು ದಣಿವಿತ್ತು. ನೌಕರಿ, ಕೇಸು, ಮಗಳು, ಎಲ್ಲವೂ ಒಂದರ ಹಿಂದೊಂದು ಅವಳ ಮನಸ್ಸಿಗೆ ಬಂದವು. ಅವಳಿಗೆ ಹೆದರಿಕೆಯಾಗಿತ್ತು, ಹಲ್ಲು ಕಟಕಟ ಅನ್ನುವಷ್ಟು.

"ನಾ ಕರದಿದ್ದೆ," ಎಂದಳು. "ಬೆಳಿಗ್ಗೆ ಏಳಕ್ಕ ಬಯಲಿಗೆ ಹೋಗಿ ನಾನ ಕರಕೊಂಡು ಬಂದೆ. ನನ್ನ ಗಂಡನ್ನ ಉಳಿಸಿಕೊಳ್ಳಾಕ. ಮತ್ತ ಆ ವರದಿಗೆ ಸಹಿ ಮಾಡಿದಾಕಿನೂ ನಾನ."

ಮಾಬೂಬಿ ಅಳಲಿಲ್ಲ, ಶಪಿಸಲಿಲ್ಲ.

"ಹಂಗಾರ ಬರದು ಕೊಡು," ಎಂದಳು. "ನಿನ್ನ ಹೆಸರು ಹಾಕಿ ಬರದು ಕೊಡು. ನನ್ನ ಮಗ ಓದತಾನ. ಆಮ್ಯಾಲೆ ಎಲ್ಲಿ ಒಯ್ಯಬೇಕೋ ಅಲ್ಲಿ ಒಯ್ತಾನ."

ನೀಲಾಂಬಿಕಾ ಚಿನ್ಮಯಿಯ ನೋಟ್‌ಬುಕ್ಕಿನಿಂದ ಒಂದು ಹಾಳೆ ಹರಿದು ಹೊಸ್ತಿಲ ಮೇಲೆ ಕೂತು ಬರೆಯತೊಡಗಿದಳು. ಹೆಸರುಗಳ ಪಟ್ಟಿ ಯಾರು ಕೊಟ್ಟರು, ಮೀರಾಸಾಬನನ್ನು ಯಾಕೆ ಹೊರಗೆ ಹಾಕಿದರು, ಅರವತ್ತೆಂಟು ಸಿಳ್ಳು, ಸೋಮವಾರ ದಾಟಲಿ ಎಂದವರು ಯಾರು, ಉತ್ತರದ ಬಾಗಿಲಲ್ಲಿ ನಿಲ್ಲಿ ಎಂದವರು ಯಾರು. ಕೊನೆಗೆ ತನ್ನ ಪೂರ್ತಿ ಹೆಸರು ಬರೆದಳು. ಮಾಬೂಬಿಗೆ ಓದು ಬಾರದು. ಓದಿ ಹೇಳು ಎಂದಳು. ನೀಲಾಂಬಿಕಾ ಮೊದಲಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದಳು.

ಓದು ಮುಗಿದಾಗ ಕಿಟಕಿಯ ಬಳಿ ಕುರ್ಚಿ ಸರಿಯಿತು. ಗುರುಸಿದ್ದ ಎದ್ದು ನಿಂತಿದ್ದ. ಅವನ ಬಾಯಿ ಒಣಗಿತ್ತು, ಸುಟ್ಟ ತೋಳು ಒಂದೇ ಸಮನೆ ನಡುಗುತ್ತಿತ್ತು.

"ಚಾಚಾ ಕೂಗಿದ್ದು ನಮಗೆಲ್ಲಾರಿಗೂ ಕೇಳಿಸಿತ್ತು," ಎಂದ. "ನಾವು ನಕ್ಕಿವಿ. ಅದನ್ನೂ ಬರಿ ನೀಲಾ. ನನ್ನ ಹೆಸರು ಹಾಕಿ ಬರಿ."